ಮನೆಮಾತನ್ನು ತಿದ್ದಬೇಡಿ, ದಾಖಲಿಸಿ

ಮಾನ್ಯರೇ,
ನಮ್ಮ ಶಿರಸಿ, ಕುಮಟಾ, ಅಂಕೋಲಾ ಕಡೆ ಮಕ್ಕಳು ಶಾಲೆಯಲ್ಲಿ ಮನೆಮಾತು ಆಡಿದರೆ ‘ಅಶುದ್ಧ ಕನ್ನಡ’ ಅಂತ ತಿದ್ದುವುದು ಇನ್ನೂ ನಿಂತಿಲ್ಲ. ಇದು ಸರಿಯಲ್ಲ. ಹವ್ಯಕರ ಮನೆಗಳಲ್ಲಿ ‘ನಾನು’ ಅನ್ನುವುದಕ್ಕೆ ಇವತ್ತಿಗೂ ‘ಆನು’ ಅನ್ನುತ್ತಾರೆ, ಅದು ಪಂಪ ಬರೆದ ಹಳಗನ್ನಡದ ‘ಆನ್’, ಅದು ತಪ್ಪು ಹೇಗಾಗುತ್ತದೆ? ಶುದ್ಧ ಅನ್ನುವ ಕನ್ನಡವೂ ಬದಲಾಗಿಯೇ ಬಂದದ್ದು ಅಲ್ವಾ. ಹಳೆಯ ‘ಪಾಲ್’, ‘ಪೂ’ಗಳು ಸುಮಾರು 10ನೇ ಶತಮಾನದಿಂದ ನಿಧಾನವಾಗಿ ಹಾಲು, ಹೂವು ಆದವು, ೞ, ಱ ಅಕ್ಷರಗಳು ಬಳಕೆಯಿಂದಲೇ ಬಿದ್ದುಹೋದವು. ಇದೆಲ್ಲ ಗೊತ್ತಾಗಿದ್ದು ಶಾಸನ, ಕಾವ್ಯಗಳು ಉಳಿದಿದ್ದರಿಂದ. ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಸಮುದಾಯದವರ ಮಾತಿಗೆ ಅಂಥ ಆಸರೆ ಇಲ್ಲ, ಅದು ಇರುವುದು ಹಿರಿಯರ ನಾಲಿಗೆಯ ಮೇಲೆ. 2025ರಲ್ಲಿ ಹಾಲಕ್ಕಿ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ತೀರಿಕೊಂಡಾಗ ಅವರ ಜೊತೆ ಎಷ್ಟು ಮಾತು ಹೋಯಿತೋ ಅಂತ ಸಂಕಟವಾಯಿತು.
ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗದವರು ವಿದ್ಯಾರ್ಥಿಗಳಿಂದಲೇ ಅಜ್ಜ ಅಜ್ಜಿಯರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ, ಊರು, ವಯಸ್ಸು ಬರೆದು ಕಾರವಾರದ ಜಿಲ್ಲಾ ಗ್ರಂಥಾಲಯದಲ್ಲಿ ಇಡಲಿ. ಇದಕ್ಕೆ ಜಾಸ್ತಿ ದುಡ್ಡೂ ಬೇಡ, ಈ ವರ್ಷವೇ ಶುರು ಮಾಡಬಹುದು.

– ಓದುಗ, ಶಿರಸಿ