ಮನೆಗೊಂದು ಕುರಿ

ಪ್ರೀತಿಯ ಮಗಳೇ,

ಕರ್ತನಲ್ಲಿ ಆಶೀರ್ವಾದಗಳು. ಈ ಪವಿತ್ರ ಗುರುವಾರ ನೀನು ಮೊದಲ ಸಲ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದಲ್ಲಿ ಪಾಲುಗೊಳ್ಳುವೆ ಎಂದು ತಿಳಿದು ಮನಸ್ಸು ತುಂಬಿ ಬಂತು. ಐಗುಪ್ತದ ದಾಸತ್ವದಿಂದಾದ ಬಿಡುಗಡೆಯನ್ನು ನೆನೆಯುವ ಯೆಹೂದ್ಯರ ಪಸ್ಕಹಬ್ಬಕ್ಕೂ ನಮಗೂ ಏನು ಸಂಬಂಧ ಎಂದು ನೀನು ಕೇಳಿದಾಗ ಫೋನಿನಲ್ಲಿ ಅವಸರದ ಉತ್ತರ ಕೊಡಲು ಮನಸ್ಸಾಗಲಿಲ್ಲ. ಈ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳುವರು, ಆಗ ಹಿರಿಯರು ತಿಳಿಸಬೇಕು ಎಂದು ಬೈಬಲಿನ ವಿಮೋಚನಕಾಂಡದ 12ನೆಯ ಅಧ್ಯಾಯವೇ ಹೇಳುತ್ತದೆ. ಆ ಕರ್ತವ್ಯವನ್ನು ಈ ಪತ್ರದಲ್ಲಿ ನೆರವೇರಿಸುತ್ತಿದ್ದೇನೆ.

ಐಗುಪ್ತದಲ್ಲಿ ದಾಸರಾಗಿದ್ದ ಇಸ್ರಾಯೇಲ್ಯರಿಗೆ ದೇವರು ಆಜ್ಞಾಪಿಸಿದ್ದು ಮನೆಗೊಂದು ಕುರಿ ಎಂದು. ಅದನ್ನು ತಿಂಗಳ 10ನೆಯ ದಿನ ಆರಿಸಿ 14ನೆಯ ದಿನದ ಸಂಜೆಯವರೆಗೆ ಇಟ್ಟುಕೊಂಡು ಆಗ ಕೊಯ್ಯಬೇಕಿತ್ತು. ಆ ಅಧ್ಯಾಯ ಓದುವಾಗಲೆಲ್ಲ ನಾನು ಈ ದಿನಗಳ ಬಳಿಯೇ ನಿಂತುಬಿಡುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮ ಹಟ್ಟಿಗೆ ತಂದ ಮರಿಯೊಂದು ಎರಡನೆಯ ದಿನಕ್ಕೇ ನನ್ನ ಹೆಜ್ಜೆಯ ಸದ್ದು ಗುರುತಿಸಿ ಕೂಗುತ್ತಿತ್ತು, ಸೊಪ್ಪು ಮುಗಿದ ಮೇಲೂ ಅಂಗೈ ನೆಕ್ಕುತ್ತಿತ್ತು. ಐಗುಪ್ತದ ಚೊಚ್ಚಲ ಮಕ್ಕಳು ಸಾಯಲಿದ್ದ ಆ ರಾತ್ರಿ, ಕುರಿಯ ರಕ್ತ ಹಚ್ಚಿದ ಮನೆಗಳನ್ನು ಮರಣ ದಾಟಿಹೋಗುವುದೆಂದು ದೇವರು ಹೇಳಿದ್ದನು. ಅಷ್ಟು ಹತ್ತಿರದಿಂದ ಕಂಡ ಪ್ರಾಣಿಯ ರಕ್ತವನ್ನು ಹಿಸ್ಸೋಪು ಎಂಬ ಗಿಡದ ಕಟ್ಟಿನಿಂದ ಬಾಗಿಲ ನಿಲುವುಗಳಿಗೂ ಮೇಲಣ ಪಟ್ಟಿಗೂ ಹಚ್ಚಿದ ಮನೆಯವರಿಗೆ, ತಮ್ಮ ಚೊಚ್ಚಲ ಮಗ ಉಳಿದದ್ದು ಯಾವ ಬೆಲೆಗೆ ಎಂದು ಬೇರೆ ಯಾರೂ ವಿವರಿಸಬೇಕಿರಲಿಲ್ಲ.

ಶಿಲುಬೆಯ ಸಂಗತಿಯನ್ನು ಬರೆಯುವ ಯೋಹಾನನ ಕಣ್ಣ ಮುಂದೆ ಆ ರಾತ್ರಿಯೇ ಇದೆ. ಹುಳಿರಸದ ಸ್ಪಂಜನ್ನು ಯೇಸುವಿನ ಬಾಯಿಗೆ ಮುಟ್ಟಿಸಿದ್ದು ಹಿಸ್ಸೋಪಿನಿಂದ ಎನ್ನುತ್ತಾನೆ. ಸೈನಿಕರು ಆತನ ಕಾಲು ಮುರಿಯದಿದ್ದಾಗ, ಪಸ್ಕದ ಕುರಿಯ ಒಂದು ಎಲುಬನ್ನೂ ಮುರಿಯಬಾರದೆಂಬ ವಿಧಿಯನ್ನು ನೆನಪಿಗೆ ತರುತ್ತಾನೆ. ಕ್ರಿಸ್ತನೇ ನಮ್ಮ ಪಸ್ಕದ ಕುರಿ ಎಂದು ಪೌಲನು ಕೊರಿಂಥದವರಿಗೆ ಬರೆದದ್ದು ಇದನ್ನೇ. ಹಾಗೆಂದು ಯೆಹೂದ್ಯರ ಹಬ್ಬ ಮುಗಿದುಹೋದ ನೆರಳು ಎಂದು ಹಗುರವಾಗಿ ಮಾತನಾಡಬೇಡ. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾಗಿ ಕುರಿಯ ಬಲಿ ನಿಂತ ಮೇಲೂ ಅವರು ಅದನ್ನು ತಮ್ಮ ಮನೆಗಳಲ್ಲಿ ಕೈಬಿಡದೆ ಕಾಪಾಡಿಕೊಂಡು ಬಂದಿದ್ದಾರೆ, ಯೇಸುವೂ ಆ ಹಬ್ಬದ ಊಟಕ್ಕೆ ಕೂತವನೇ.

ಪೌಲನು ಅದೇ ಉಸಿರಿನಲ್ಲಿ ಹಳೆಯ ಹುಳಿಹಿಟ್ಟನ್ನು ತೆಗೆದುಹಾಕಿರಿ ಎನ್ನುತ್ತಾನೆ. ಒಂದು ಚಮಚ ಹಳೆಯ ಹಿಟ್ಟು ರಾತ್ರಿ ಕಳೆಯುವುದರೊಳಗೆ ಪಾತ್ರೆಯನ್ನೆಲ್ಲ ಉಕ್ಕಿಸುವುದನ್ನು ದೋಸೆಗೆ ನೆನೆಹಾಕುವ ನಿನಗೆ ಹೇಳಬೇಕಾಗಿಲ್ಲ. ನಿನ್ನ ಅಣ್ಣನ ಮೇಲಿನ ಸಿಟ್ಟು ಮೊದಲು ಆ ಚಮಚದಷ್ಟೇ ಇತ್ತು. ಈಗ ಅವನ ಮಕ್ಕಳ ಹೆಸರೆತ್ತಿದರೂ ನಿನ್ನ ಮುಖ ಬಿಗಿಯುತ್ತದೆ. ಒಂದು ಕುರಿಯನ್ನು ತಿಂದು ಮುಗಿಸಲಾರದಷ್ಟು ಚಿಕ್ಕ ಮನೆಯವರು ನೆರೆಯವರನ್ನು ಕೂಡಿಸಿಕೊಳ್ಳಬೇಕೆಂಬ ಮಾತೂ ಆ ಅಧ್ಯಾಯದಲ್ಲಿದೆ. ಬಿಡುಗಡೆಯ ಊಟಕ್ಕೆ ಒಬ್ಬೊಬ್ಬರೇ ಕೂರುವಂತಿರಲಿಲ್ಲ, ಮಗಳೇ.

ಜಮೀನಿನ ವಿಷಯದಲ್ಲಿ ನಿನ್ನ ಮಾತೇ ಸರಿಯಿರಬಹುದು. ಹಬ್ಬ ಕಳೆದ ಮೇಲೆ ಎಲ್ಲರೂ ಕೂತು ಮಾತನಾಡೋಣ. ಬುಧವಾರ ರಾತ್ರಿಯೊಳಗೆ ನೀನಾಗಿಯೇ ಅವನಿಗೆ ಫೋನ್ ಮಾಡು. ಗುರುವಾರ ಸಂಜೆ ನಾನು ಬೇಗ ಬಂದು ದೇವಾಲಯದ ಎಡಬದಿಯ ಬೆಂಚಿನಲ್ಲಿ ಮೂವರಿಗೆ ಜಾಗ ಹಿಡಿದಿರುತ್ತೇನೆ.

ನಿನ್ನ ದೊಡ್ಡಪ್ಪ