ಲೇತಿನ ಮುಂದೆ ನಿಂತವರನ್ನು ಕೇಳಿ

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ 18 ವರ್ಷಗಳಿಂದ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಟರ್ನರ್ ಆಗಿದ್ದೇನೆ. ಮೊದಲೆಲ್ಲ ಒಂದೇ ಅಳತೆಯ ಬುಷ್‌ಗೆ (ಯಂತ್ರದ ಭಾಗವಾಗುವ ಲೋಹದ ಗಿಡ್ಡ ಕೊಳವೆ) ಸಾವಿರಗಟ್ಟಲೆ ಆರ್ಡರ್ ಬರುತ್ತಿತ್ತು. ಈಗ ಬೆಳಿಗ್ಗೆ 50, ಮಧ್ಯಾಹ್ನ ಇನ್ನೊಂದು ಅಳತೆಯವು 30. ಹೀಗಾಗಿ ಲೋಹ ಕಡೆಯುವುದಕ್ಕಿಂತ ಹೊಸ ಅಳತೆಗೆ ಯಂತ್ರದ ಸೆಟ್ಟಿಂಗ್ ಬದಲಿಸುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ.

ನಮ್ಮಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅದರಲ್ಲಿ ಅರ್ಧ ಬೋಲ್ಟ್ ಬಿಚ್ಚುವ ಅಲೆನ್ ಕೀ ಹುಡುಕುವುದಕ್ಕೆ! ಸಹಾಯಕ ಹುಡುಗನೊಬ್ಬ ಯಂತ್ರ ಓಡುತ್ತಿರುವಾಗಲೇ ಮುಂದಿನ ಕೆಲಸದ ಟೂಲು, ಕೀ, ಗೇಜುಗಳನ್ನು ಒಂದು ಟ್ರೇಯಲ್ಲಿ ಜೋಡಿಸಿಡತೊಡಗಿದ. ಈಗ 20 ನಿಮಿಷ ಸಾಕು. ಇಂಥದ್ದನ್ನೇ ಹೇಳಿಕೊಡಲು ಬಂದಿದ್ದ ಸಲಹೆಗಾರರು ಮಾಲೀಕರಿಗೆ ಸ್ಲೈಡ್ ತೋರಿಸಿ, ಕಾಫಿ ಕುಡಿದು ಹೊರಟರು. ಯಂತ್ರಗಳತ್ತ ತಲೆ ಹಾಕಲಿಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಎಂಎಸ್‌ಎಂಇ ಲೀನ್ ಯೋಜನೆಯಲ್ಲಿ (ಸಣ್ಣ, ಮಧ್ಯಮ ಉದ್ಯಮಗಳು ಸಮಯ, ಸಾಮಗ್ರಿ ಪೋಲಾಗುವುದನ್ನು ತಗ್ಗಿಸಲು ನೆರವಾಗುವ ಯೋಜನೆ) ಸಲಹಾ ವೆಚ್ಚದ ಶೇ 90ರಷ್ಟನ್ನು ಸರ್ಕಾರವೇ ಭರಿಸುತ್ತದೆ. ಹಣ ಬಿಡುಗಡೆಗೆ ಮುನ್ನ ಕಾರ್ಮಿಕರು ಕೊಟ್ಟ ಸಲಹೆಗಳೆಷ್ಟು, ಜಾರಿಯಾದವೆಷ್ಟು ಎಂಬುದನ್ನು ಅಧಿಕಾರಿಗಳು ಯಂತ್ರದ ಬಳಿಯೇ ನಿಂತು ವಿಚಾರಿಸಲಿ. ಗುತ್ತಿಗೆ ಕಾರ್ಮಿಕರನ್ನೂ ಕೇಳಬೇಕು. ಟ್ರೇ ಜೋಡಿಸಿದ ಹುಡುಗ ಗುತ್ತಿಗೆಯವನೇ.

– ಒಬ್ಬ ಟರ್ನರ್, ಪೀಣ್ಯ, ಬೆಂಗಳೂರು