ಅವ್ವನ ಆಪರೇಷನ್ ತೇರಿನವರೆಗೆ ಕಾಯಬಾರದು

ಶ್ರೀ ಶರಣಬಸವೇಶ್ವರ ಪ್ರಸನ್ನ

ಖಾರ್ಕಿವ್, ಉಕ್ರೇನ್
16 ಫೆಬ್ರವರಿ 2025, ರವಿವಾರ

ಪೂಜ್ಯ ಅಣ್ಣನವರಿಗೆ ಹಾಗೂ ವೈನಿಯವರಿಗೆ ಸವಿನಯ ನಮಸ್ಕಾರಗಳು. ಅವ್ವನ ಪಾದಗಳಿಗೆ ಶರಣು. ಇಲ್ಲಿ ನಾವು ಮೂವರೂ ಕ್ಷೇಮವಾಗಿದ್ದೇವೆ. ನಿಮ್ಮ ಕ್ಷೇಮ ಎಂಥದ್ದು ಎಂಬುದು ನಿಮ್ಮ ಪತ್ರದಿಂದಲೇ ತಿಳಿಯಿತು.

ನೀವು ಕಳುಹಿಸಿದ ಆಂಜಿಯೊಗ್ರಾಮ್ ವರದಿಯನ್ನು ಮೂರು ಸಲ ಓದಿದೆ, ನಮ್ಮ ಆಸ್ಪತ್ರೆಯ ಹೃದ್ರೋಗ ತಜ್ಞರಿಗೂ ತೋರಿಸಿದೆ. ಎರಡು ರಕ್ತನಾಳಗಳು ಕಿರಿದಾಗಿವೆ, ಅದರಲ್ಲಿ ಒಂದು ಶೇಕಡ 90ರಷ್ಟು ಮುಚ್ಚಿದೆ. ಕೂತಲ್ಲಿಯೇ ಎದೆ ಹಿಡಿದುಕೊಳ್ಳುತ್ತದೆ ಎಂದು ನೀವು ಬರೆದ ಸಾಲು ವರದಿಗಿಂತ ಹೆಚ್ಚಿಗೆ ನನ್ನನ್ನು ಹೆದರಿಸಿತು. ಅವ್ವ ಮಾತ್ರ "ಮಗ ಬರಲಿ, ಅವನ ಮುಖ ನೋಡಿ ಆಪರೇಷನ್ನಿಗೆ ಮಲಗುತ್ತೇನೆ, ಈಗೇನು ಅವಸರ, ತೇರು ಎಳೆದ ಮೇಲೆ ನೋಡೋಣ" ಎನ್ನುತ್ತಿದ್ದಾಳಂತೆ. ಅಣ್ಣ, ಹೋಳಿ ಹುಣ್ಣಿಮೆಗೇ ಇನ್ನೂ ಒಂದು ತಿಂಗಳಿದೆ, ಶರಣಬಸವೇಶ್ವರ ಅಪ್ಪನ ಗುಡಿಯ ತೇರು ಅದಾದ ಮೇಲೆ. ಇದು ಅಷ್ಟು ದಿನ ಕಾಯುವ ರೋಗವಲ್ಲ. ಶಿವರಾತ್ರಿಯೊಳಗೆ ಸ್ಟೆಂಟ್ ಹಾಕಿಸಲೇಬೇಕು. ಇದನ್ನು ನಾನು ಮಗನಾಗಿ ಅಲ್ಲ, ವೈದ್ಯನಾಗಿ ಹೇಳುತ್ತಿದ್ದೇನೆಂದು ತಿಳಿಯಿರಿ.

ಆಕೆಯ ಹಟಕ್ಕೆ ಅರ್ಧ ಕಾರಣ ನಾನೇ ಎಂಬುದು ನನಗೆ ಗೊತ್ತು. ಹಿಂದಿನ ರವಿವಾರ ಫೋನಿನಲ್ಲಿ ಮಾತನಾಡುವಾಗ ಕೇಳಿಸಿದ ದಾಳಿಯ ಸೈರನ್ನಿನ ಕೂಗನ್ನು ಆಂಬ್ಯುಲೆನ್ಸಿನದು ಎಂದು ನಾನು ಹೇಳಿದ್ದೆ. ಮೂರು ವರ್ಷದಿಂದ ಟಿವಿಯ ಮುಂದೆ ಕೂತ ಮುದುಕಿಗೆ ಆ ಎರಡು ಕೂಗಿನ ವ್ಯತ್ಯಾಸ ತಿಳಿಯದೇ? ಅದಕ್ಕಾಗಿಯೇ ಈ ಸಲ ಫೋನ್ ಮಾಡದೆ ದೊಡ್ಡ ಅಕ್ಷರದಲ್ಲಿ ಪತ್ರ ಬರೆದು, ಅದರ ಫೋಟೋವನ್ನು ನಿಮ್ಮ ಮೊಬೈಲಿಗೆ ಕಳುಹಿಸುತ್ತಿದ್ದೇನೆ. ನಡುವೆ ಗೆರೆ ಎಳೆದಿರುವವರೆಗಿನ ಭಾಗವನ್ನು ಆಕೆಗೆ ನಿಧಾನವಾಗಿ ಓದಿ ಹೇಳಿರಿ.

ಅವ್ವ, ನಾವು ನಿತ್ಯ ನೆಲಮಾಳಿಗೆಯಲ್ಲಿ ನಡುಗುತ್ತ ಕೂತಿರುವುದಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಚಹಾ ಕುಡಿದು ಕೆಲಸಕ್ಕೆ ಹೋಗುತ್ತೇನೆ. ಮೆಟ್ರೋ ಓಡುತ್ತದೆ, ಯುದ್ಧ ಶುರುವಾದ ವರ್ಷದಿಂದ ಅದಕ್ಕೆ ಟಿಕೆಟ್ಟೇ ಇಲ್ಲ. ಟ್ರಾಮು, ಬಸ್ಸುಗಳಿಗೂ ಇಲ್ಲ. ನಮ್ಮ ಬೀದಿಯಲ್ಲಿ ಗಾಜಿನ ಕಿಟಕಿಗಳಿಗಿಂತ ಹಲಗೆ ಬಡಿದ ಕಿಟಕಿಗಳೇ ಹೆಚ್ಚಾಗಿರುವುದರಿಂದ ಮಧ್ಯಾಹ್ನವೂ ದೀಪ ಹಾಕಬೇಕಾಗುತ್ತದೆ ಎಂಬುದೊಂದು ತೊಂದರೆ. ಆದರೆ ಆ ಹಲಗೆಯ ಹಿಂದೆಯೇ ಕ್ಷೌರದಂಗಡಿ, ಬೇಕರಿ, ಕಾಫಿ ಅಂಗಡಿ ಎಲ್ಲವೂ ನಡೆಯುತ್ತವೆ. ಎಲ್ಲಿಯಾದರೂ ಬಾಂಬು ಬಿದ್ದರೆ ಕೆಲವು ತಾಸುಗಳೊಳಗೆ ನಗರಪಾಲಿಕೆಯವರು ಬಂದು ಗಾಜು ಗುಡಿಸಿ, ಹಲಗೆ ಬಡಿದು ಹೋಗುತ್ತಾರೆ. ವಸಂತ ಬಂದರೆ ಅದೇ ಪಾಲಿಕೆಯ ಹೆಣ್ಣುಮಕ್ಕಳು ಉದ್ಯಾನಗಳಲ್ಲಿ ಹೂವಿನ ಸಸಿ ನೆಡುತ್ತಾರೆ. ಇದನ್ನು ನೋಡಿ ಹೊರಗಿನವರು ಆಶ್ಚರ್ಯಪಡುತ್ತಾರೆ, ಊರವರು ಸಸಿಯನ್ನು ಹೋದ ವರ್ಷಕ್ಕಿಂತ ಒತ್ತೊತ್ತಾಗಿ ನೆಟ್ಟಿದ್ದಾರೆಂದು ಜಗಳ ತೆಗೆಯುತ್ತಾರೆ.

ನಿನ್ನ ಮೊಮ್ಮಗಳು ಶೋಭಾ (ಸೋಫಿಯಾ ಎಂಬ ಹೆಸರನ್ನು ನೀನು ಹೀಗೆ ಕನ್ನಡಕ್ಕೆ ತಂದ ಮೇಲೆ ಆಕೆಯ ಗೆಳತಿಯರೂ ಹಾಗೆಯೇ ಕರೆಯುತ್ತಾರೆ) ಮೆಟ್ರೋ ನಿಲ್ದಾಣದೊಳಗಿನ ಶಾಲೆಗೆ ಹೋಗುತ್ತಾಳೆ. 2023ರ ಸೆಪ್ಟೆಂಬರಿನಲ್ಲಿ ನಿಲ್ದಾಣಗಳ ಒಳಗೇ ಗೋಡೆ ಎಬ್ಬಿಸಿ, ಗಾಳಿಯ ಯಂತ್ರ ಕೂಡಿಸಿ ತರಗತಿಗಳನ್ನು ಮಾಡಿದರು. ಮೊದಲ ವರ್ಷವೇ ಸಾವಿರಕ್ಕೂ ಹೆಚ್ಚು ಮಕ್ಕಳು ಸೇರಿದರು. ಮರುವರ್ಷ ಮೇ ತಿಂಗಳಲ್ಲಿ, ಶಾಲೆಗೆಂದೇ ನೆಲದಡಿಯಲ್ಲಿ ಕಟ್ಟಿದ ಹೊಸ ಕಟ್ಟಡವನ್ನೂ ತೆರೆದರು, ಅಲ್ಲಿ ಎರಡು ಪಾಳಿಯಲ್ಲಿ ಸುಮಾರು 900 ಮಕ್ಕಳು ಕಲಿಯಬಹುದು. ನಿನ್ನ ಸೊಸೆ ಓಲ್ಯಾ ಇಂಥ ಶಾಲೆಯಲ್ಲಿಯೇ ಗಣಿತ ಕಲಿಸುತ್ತಾಳೆ. ಮೇಲೆ ಸೈರನ್ ಕೂಗಿದರೂ ಕೆಳಗೆ ಮಗ್ಗಿ ನಿಲ್ಲುವುದಿಲ್ಲ. ಎರಡು ವರ್ಷ ಮನೆಯಲ್ಲಿ ಫೋನಿನ ಪರದೆಯ ಮುಂದೆಯೇ ಕಲಿತ ಮಕ್ಕಳಿಗೆ ಪಕ್ಕದಲ್ಲಿ ಕೂತವರ ಪೆನ್ಸಿಲ್ ಕದಿಯುವ ಸುಖ ಹೊಸದಾಗಿತ್ತು, ಹಾಗಾಗಿ ಮೊದಲ ತಿಂಗಳು ಪೆನ್ಸಿಲಿನ ದೂರುಗಳದ್ದೇ ದೊಡ್ಡ ರಾಶಿ ಬಂದಿತ್ತಂತೆ.

ಕರೆಂಟಿನ ವಿಷಯದಲ್ಲಿಯಂತೂ ನಿನ್ನ ಮಗನಿಗೆ ನಮ್ಮ ಕಟ್ಟಡದಲ್ಲಿ ದೊಡ್ಡ ಹೆಸರಿದೆ. 2024ರ ಮಾರ್ಚ್ 22ರಂದು ಇಲ್ಲಿನ ವಿದ್ಯುತ್ ಸ್ಥಾವರಗಳ ಮೇಲೆ ದಾಳಿಯಾಗಿ, ವಾರಗಟ್ಟಲೆ ಪಾಳಿಯ ಮೇಲೆ ಕರೆಂಟು ಕೊಡುತ್ತಿದ್ದಾಗ ನೆರೆಯವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಕರೆಂಟು ಬಂದ ಕೂಡಲೇ ಮೊದಲು ನೀರು ತುಂಬಬೇಕು, ಆಮೇಲೆ ಅಡುಗೆ, ಕೊನೆಗೆ ಇಸ್ತ್ರಿ ಎಂಬ ಕ್ರಮವನ್ನು ಅವರಿಗೆ ಕಲಿಸಿದವನು ನಾನು. ಕಲಬುರಗಿಯ ಬೇಸಿಗೆಯಲ್ಲಿ ನಿನ್ನ ಬೈಗುಳದ ನಡುವೆ ಕೊಡ ತುಂಬಿದ್ದು ಇಲ್ಲಿ ವಿದ್ಯೆಯಾಗಿ ಉಪಯೋಗಕ್ಕೆ ಬಂತು. ನಮ್ಮ ಲಿಫ್ಟಿನೊಳಗೆ ಒಂದು ಸ್ಟೂಲು, ನೀರಿನ ಬಾಟಲಿ ಮತ್ತು ಬಿಸ್ಕೀಟಿನ ಡಬ್ಬಿ ಇಟ್ಟಿದ್ದಾರೆ, ಕರೆಂಟು ಹೋಗಿ ಸಿಕ್ಕಿಬಿದ್ದವರು ಹಸಿದುಕೊಳ್ಳಬಾರದೆಂದು. ಬಿಸ್ಕೀಟು ಮಾತ್ರ ಕರೆಂಟಿದ್ದಾಗಲೂ ಖಾಲಿಯಾಗುತ್ತದೆ.

ಈಗ ನಿನ್ನ ಬೀಗತಿಯ ವಿಷಯ. ವಯಸ್ಸು 76, ಸಾಲ್ತಿವ್ಕಾದಲ್ಲಿ ಏಳನೆಯ ಮಹಡಿ, ನಮ್ಮ ಮನೆಗೆ ಬಂದಿರಿ ಎಂದರೆ "ನನ್ನ ತುಳಸಿ ಯಾರು ನೋಡುತ್ತಾರೆ" ಎಂಬ ಥರದ ಉತ್ತರ, ತುಳಸಿಯ ಬದಲು ಬೆಕ್ಕು ಅಷ್ಟೆ. ಕಣ್ಣಿನ ಪೊರೆಯ ಆಪರೇಷನ್ನನ್ನು ಎರಡು ವರ್ಷ ಮುಂದಕ್ಕೆ ಹಾಕಿದ್ದರು. ಇಲ್ಲಿ ಎಲ್ಲರ ಬಾಯಲ್ಲೂ "ಪಿಸ್ಲ್ಯಾ ವಿಯ್ನಿ" ಎಂಬ ಮಾತಿತ್ತು, ಯುದ್ಧ ಮುಗಿದ ಮೇಲೆ ಎಂದು ಅದರ ಅರ್ಥ. ಹಲ್ಲು ಕಟ್ಟಿಸುವುದು, ಮಗಳ ಮದುವೆ, ಮನೆಗೆ ಬಣ್ಣ, ಎಲ್ಲವೂ ಯುದ್ಧ ಮುಗಿದ ಮೇಲೆ. 2022ರಲ್ಲಿ "ಗೆದ್ದ ಮೇಲೆ" ಎನ್ನುತ್ತಿದ್ದವರು ಮರುವರ್ಷ "ಮುಗಿದ ಮೇಲೆ" ಎಂದರು, ಈಗ ಎರಡನ್ನೂ ಬಿಟ್ಟು ನೇರವಾಗಿ ತಾರೀಖು ಕೇಳುತ್ತಾರೆ. ಬೀಗತಿಯೂ ಹೋದ ಅಕ್ಟೋಬರಿನಲ್ಲಿ ತಾರೀಖು ಕೇಳಿ ಆಪರೇಷನ್ ಮಾಡಿಸಿಕೊಂಡರು. ನಡುವೆ ಕರೆಂಟು ಹೋಗಿ ಜನರೇಟರ್ ಶುರುವಾಯಿತು, ಸೈರನ್ನೂ ಕೂಗಿತು, ವೈದ್ಯರು ಕೈ ತೆಗೆಯಲಿಲ್ಲ. ಮೂರನೆಯ ದಿನ ನಮ್ಮ ಮನೆಗೆ ಬಂದು, ನಾನು ತೊಳೆದಿಟ್ಟ ಪಾತ್ರೆಗಳಲ್ಲಿ ಜಿಡ್ಡು ಕಾಣುತ್ತದೆಂದು ಮತ್ತೊಮ್ಮೆ ತೊಳೆದರು. ಅವ್ವ, ಆಕೆ ನಿನಗಿಂತ ಎರಡು ವರ್ಷ ದೊಡ್ಡವರು. ಕಲಬುರಗಿಯ ಬೀಗತಿಗೆ ಧೈರ್ಯ ಕಡಿಮೆಯಂತೆ ಎಂದು ಇಲ್ಲಿ ಹೇಳಿಸಿಕೊಳ್ಳಲು ನನಗೆ ಇಷ್ಟವಿಲ್ಲ.

ನಿನಗೆ ಎದೆ ಕೊಯ್ಯುವುದಿಲ್ಲ. ಮಣಿಕಟ್ಟಿನ ರಕ್ತನಾಳದಿಂದ ಒಂದು ತೆಳುವಾದ ಕೊಳವೆಯನ್ನು ಹೃದಯದವರೆಗೆ ಒಯ್ದು, ಕಿರಿದಾದ ಜಾಗದಲ್ಲಿ ಬಲೂನು ಉಬ್ಬಿಸಿ, ಸಣ್ಣ ಜಾಳಿಗೆಯನ್ನು ಕೂಡಿಸುತ್ತಾರೆ. ನಿನಗೆ ಎಚ್ಚರವಿರುತ್ತದೆ, ವೈದ್ಯರೊಡನೆ ಮಾತೂ ಆಡಬಹುದು. ಎರಡು ಮೂರು ದಿನಕ್ಕೆ ಮನೆಗೆ ಬಂದು, ತೇರಿನ ದಿನ ಮಾಳಿಗೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂಡಬಹುದು. ಯುಗಾದಿಗೆ ನಾನು ಬಂದೇ ಬರುತ್ತೇನೆ. ಆಗ ನಿನ್ನ ಕೈಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಆಗಬೇಕು. ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ, ಯಾವ ಭಯವೂ ಇಲ್ಲ, ನಿದ್ದೆ ಚೆನ್ನಾಗಿ ಬರುತ್ತದೆ, ತೂಕವೂ ಹೆಚ್ಚಾಗಿದೆ.

__________

ಅಣ್ಣ, ಇನ್ನು ಮುಂದಿನದು ನಿಮಗೆ ಮಾತ್ರ.

ತೂಕ ಹೆಚ್ಚಾಗಿಲ್ಲ. ರಷ್ಯಾದ ಗಡಿ ಇಲ್ಲಿಂದ, ಕಲಬುರಗಿಯ ನಮ್ಮ ಮನೆಯಿಂದ ಆಳಂದಕ್ಕೆ ಹೋದಷ್ಟು ದೂರ. ಅಲ್ಲಿಂದ ಹಾರಿದ ಕ್ಷಿಪಣಿ ಒಂದು ನಿಮಿಷದೊಳಗೆ ಊರಿಗೆ ಬೀಳುವುದರಿಂದ ಎಷ್ಟೋ ಸಲ ಮೊದಲು ಸದ್ದು, ಆಮೇಲೆ ಸೈರನ್. ಹಾಗಾಗಿ ಎಲ್ಲರೂ ನೆಲಮಾಳಿಗೆಗೆ ಓಡುವುದಿಲ್ಲ, ಹೊರಗಿನ ಬಯಲಿಗೂ ತಮಗೂ ನಡುವೆ ಎರಡು ಗೋಡೆಗಳಿರುವ ಜಾಗದಲ್ಲಿ ಕೂಡುತ್ತಾರೆ. ನಮ್ಮ ಮನೆಯಲ್ಲಿ ಅದು ಬಚ್ಚಲಿನ ಮುಂದಿನ ಓಣಿ. ಶೋಭಾಳ ಹಾಸಿಗೆ ಒಂದು ವರ್ಷದಿಂದ ಅಲ್ಲಿಯೇ ಇದೆ. 2022ರಲ್ಲಿ ಹೆರೊಯಿವ್ ಪ್ರಾತ್ಸಿ ನಿಲ್ದಾಣದ ನೆಲದ ಮೇಲೆ ನಾವು 41 ರಾತ್ರಿ ಮಲಗಿದ್ದು ನಿಮಗೆ ಗೊತ್ತು, ಅವ್ವಗೆ ನಾಲ್ಕು ರಾತ್ರಿ ಎಂದಷ್ಟೇ ಗೊತ್ತು. ಆ ವರ್ಷ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಇದೇ ಊರಿನಲ್ಲಿ, ಊಟದ ಸಾಮಾನು ತರಲು ಹೋದವನು ಜೀವ ಕಳೆದುಕೊಂಡನಲ್ಲ, ಅಂದಿನಿಂದ ಆಕೆ ದಿನಾ ನನ್ನ ಹೆಸರಿನಲ್ಲಿ ದೀಪ ಹಚ್ಚುತ್ತಿದ್ದಾಳೆಂದು ವೈನಿಯವರು ಹೇಳಿದ್ದರು.

ಈಗಲೇ ಏಕೆ ಬರುವುದಿಲ್ಲವೆಂದು ನೀವು ಕೇಳಿದ್ದೀರಿ. ಗಡಿಯಲ್ಲಿ ಗಂಡಸರನ್ನು ತಡೆಯುತ್ತಾರೆಂಬ ಸುದ್ದಿ 18ರಿಂದ 60 ವಯಸ್ಸಿನ ಇಲ್ಲಿನ ಪ್ರಜೆಗಳಿಗೆ ಸಂಬಂಧಿಸಿದ್ದು. ನನ್ನ ಬಳಿ ಇನ್ನೂ ನಮ್ಮ ಪಾಸ್‌ಪೋರ್ಟ್ ಇದೆ, ನನ್ನನ್ನು ಯಾರೂ ತಡೆಯುವುದಿಲ್ಲ. ಆದರೆ 2022ರ ಫೆಬ್ರವರಿ 24ರಿಂದ ಈ ದೇಶದ ಆಕಾಶದಲ್ಲಿ ಪ್ರಯಾಣಿಕರ ವಿಮಾನ ಹಾರಿಲ್ಲ. ಲ್ವಿವ್‌ವರೆಗೆ ರೈಲು, ಪೋಲೆಂಡಿನ ಗಡಿಯಲ್ಲಿ ಸರತಿ, ವಾರ್ಸಾದಿಂದ ವಿಮಾನ, ಹೈದರಾಬಾದಿನಿಂದ ಮತ್ತೆ ರೈಲು, ಎಲ್ಲ ಕೂಡಿ ಮೂರು ನಾಲ್ಕು ದಿನವಾಗುತ್ತದೆ. ಆ ದಿನಗಳಿಗೂ ನಾನು ಅಂಜುವುದಿಲ್ಲ. ನಮ್ಮ ವಿಭಾಗದಲ್ಲಿ ಏಳು ವೈದ್ಯರಿದ್ದವರು ಈಗ ಮೂವರು, ಒಬ್ಬರು ಮಾರ್ಚ್ ಕೊನೆಯವರೆಗೆ ರಜೆಯಲ್ಲಿದ್ದಾರೆ. ಓಲ್ಯಾ ತಾಯಿಯನ್ನೂ ಶಾಲೆಯನ್ನೂ ಬಿಟ್ಟು ಹೊರಡುವುದಿಲ್ಲ, ಆಕೆಯನ್ನು ಒತ್ತಾಯಿಸುವ ನೈತಿಕತೆ 28 ವರ್ಷದ ಹಿಂದೆ ಅವ್ವನನ್ನು ಬಿಟ್ಟು ಬಂದ ನನಗೆ ಇಲ್ಲ. ನಾನು ನಾಳೆಯೇ ಹೊರಟರೂ, ಬರುವವರೆಗೆ ಕಾಯುವುದು ಆ ರಕ್ತನಾಳಕ್ಕೆ ಒಳ್ಳೆಯದಲ್ಲ.

ಜನವರಿಯಲ್ಲಿ ನನ್ನ ರೋಗಿಯೊಬ್ಬರು ಹೋದರು. ನಿವೃತ್ತ ಮೇಷ್ಟ್ರು, ಅವ್ವನಂತೆಯೇ ಎದೆನೋವು, ಅದೇ ಸಲಹೆ. ಮಗ ಯುದ್ಧಭೂಮಿಯಿಂದ ರಜೆಯ ಮೇಲೆ ಬರಲಿ, ಆಮೇಲೆ ಮಾಡಿಸಿಕೊಳ್ಳುತ್ತೇನೆ ಎಂದರು. ಒಂದೂ ಸೈರನ್ ಕೂಗದ ದಿನ, ಅಡುಗೆಮನೆಯಲ್ಲಿ ಚಹಾ ಸೋಸುತ್ತ ಬಿದ್ದರು. ಬಾಂಬಿನಿಂದ ಸತ್ತವರ ಲೆಕ್ಕ ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ಇಂಥವರ ಲೆಕ್ಕ ಎಲ್ಲಿಯೂ ಬರುವುದಿಲ್ಲ. ಮಗ ಬಂದಾಗ ನಾನು ಆತನ ಮುಖ ನೋಡಿ ಮಾತನಾಡಲು ಆಗಲಿಲ್ಲ. ಇದನ್ನು ಅವ್ವಗೆ ಹೇಳಬೇಡಿರಿ, ಆದರೆ ಆಕೆ ಮತ್ತೆ ತೇರಿನ ಮಾತು ತೆಗೆದಾಗ ನೀವು ಮೆತ್ತಗಾಗಬಾರದೆಂದು ಬರೆದಿದ್ದೇನೆ.

ಊರಲ್ಲಿಯೇ ಜಯದೇವ ಆಸ್ಪತ್ರೆ ಇರುವಾಗ ಸೊಲ್ಲಾಪುರ, ಹೈದರಾಬಾದು ಎಂದು ಆಕೆಯನ್ನು ಕಾರಿನಲ್ಲಿ ಕುಲುಕಾಡಿಸಬೇಡಿರಿ. ಸ್ಟೆಂಟ್ ಹಾಕಿದ ಮೇಲೆ ಕೊಡುವ ರಕ್ತ ತೆಳುವಾಗಿಸುವ ಗುಳಿಗೆಗಳನ್ನು ವೈದ್ಯರು ಹೇಳುವವರೆಗೆ ಒಂದು ದಿನವೂ ತಪ್ಪಿಸುವಂತಿಲ್ಲ, ಉಪವಾಸವಿದ್ದರೂ ನುಂಗಿಸಿರಿ. ಇದು ವೈನಿಯವರ ಜವಾಬ್ದಾರಿ. ಯುದ್ಧಕಾಲದ ನಿರ್ಬಂಧದಿಂದ ಇಲ್ಲಿನ ಬ್ಯಾಂಕಿನಿಂದ ನೇರವಾಗಿ ಹಣ ಕಳುಹಿಸುವುದು ಕಷ್ಟ, ಹಾಗಾಗಿ ವಾರ್ಸಾದ ಗೆಳೆಯನಿಂದ ನಿಮ್ಮ ಖಾತೆಗೆ ಒಂದೂವರೆ ಲಕ್ಷ ಹಾಕಿಸಿದ್ದೇನೆ. ಮಂಗಳವಾರ ಬರಬೇಕು. ತೊಗರಿಯನ್ನು ಅವಸರಕ್ಕೆ ಗಂಜ್ ಮಾರುಕಟ್ಟೆಗೆ ಒಯ್ದು ಕಡಿಮೆಗೆ ಮಾರಬೇಡಿರಿ, ಕ್ವಿಂಟಲಿಗೆ 7,550ರ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಹೆಸರು ಹಚ್ಚಿದ್ದರೆ ಅಲ್ಲಿಯೇ ಕೊಡಿರಿ.

ಮಣಿಕಟ್ಟು, ಬಲೂನು, ಜಾಳಿಗೆ ಎಂಬಲ್ಲಿ ಅವ್ವ ಹೆದರಿದರೆ ಆ ಭಾಗ ಬಿಟ್ಟು ಬೀಗತಿಯ ಭಾಗವನ್ನೇ ಎರಡು ಸಲ ಓದಿರಿ. ನನಗೆ ಇಂದು ರಾತ್ರಿಪಾಳಿ, ಕರ್ಫ್ಯೂಗೆ ಮೊದಲಿನ ಕೊನೆಯ ಮೆಟ್ರೋ ಹಿಡಿಯಬೇಕು, ಓಲ್ಯಾ ಬಾಗಿಲಲ್ಲಿ ಕೋಟು ಹಿಡಿದು ನಿಂತಿದ್ದಾಳೆ. ಆಸ್ಪತ್ರೆಯ ತಾರೀಖು ಗೊತ್ತಾದ ಕೂಡಲೇ ತಿಳಿಸಿರಿ, ರಾತ್ರಿಯಾದರೂ ಸರಿ. ಶಿವರಾತ್ರಿಯೊಳಗೆ, ಅಣ್ಣ. ನಾವು ಚೆನ್ನಾಗಿದ್ದೇವೆ.

ನಿಮ್ಮ ತಮ್ಮ